ಮಾವನ ಜೇಬಿನ ಉಂಡೆ
ನಮ್ಮ ಮಾವನ ಜೇಬಿಗೆ ಕೈ ಹಾಕಬೇಡಿ, ಹೌಹಾರಿಬಿಡುತ್ತೀರಿ! ಊರಿನ ಕಕ್ಕಸಿನ ನೀರೆಲ್ಲ ಹೋಗಿ ಸೇರುವ ಕಾರ್ಖಾನೆಯಲ್ಲಿ ಅವನು ಕುಲುಮೆ ಉರಿಸುವವನು. ತಳದಲ್ಲಿ ನಿಂತ ಕೊಚ್ಚೆಯನ್ನು ಒಣಗಿಸಿ, ಬೇಯಿಸಿ, ಗ್ಯಾಸು, ಕರೆಂಟು, ಗೊಬ್ಬರ ಮಾಡುತ್ತಾನೆ. ಬೆಂದು ಕಪ್ಪಾದ ಉಂಡೆಯೊಂದು ಸದಾ ಜೇಬಲ್ಲಿ. ಅದನ್ನು ಬೀಗರ ಮೂಗಿಗೆ ಹಿಡಿಯುತ್ತಾನೆ, ಅದೂ ಊಟದ ಹೊತ್ತಿಗೆ, ದೇವರೇ! "ಮೂಸಿ ನೋಡಿ, ವಾಸನೆ ಇದೆಯಾ? ನಿಮ್ಮದೇ ಮಾಲು, ನಾಚಿಕೆ ಯಾಕೆ?" ಬೀಗರು ತುತ್ತು ಬಿಟ್ಟು ಎದ್ದರೆ, "ಬೆಂಕಿ ಕಂಡದ್ದಕ್ಕೆ ಎಂಥ ಹೇಸಿಗೆ!" ಎಂದು ಗದರುತ್ತಾನೆ, ಅತ್ತೆ ಹಣೆ ಚಚ್ಚಿಕೊಳ್ಳುತ್ತಾಳೆ. ಇಂಥವನು ಮೊನ್ನೆ ಆಸ್ಪತ್ರೆಯಲ್ಲಿ ಮಗಳು ತನ್ನ ಹಸುಗೂಸನ್ನು ಕೈಗೆ ಕೊಡಹೋದರೆ ಸರಕ್ಕನೆ ಹಿಂದೆ ಸರಿದ! ನನ್ನನ್ನು ಮೂಲೆಗೆ ಎಳೆದು, ಸೋಪು ತಿಕ್ಕಿ ತಿಕ್ಕಿ ಬಿರಿದ ಅಂಗೈಗಳನ್ನು ಮುಖದ ಹತ್ತಿರ ತಂದು ಪಿಸುಗುಟ್ಟಿದ: "ಮೂಸಿ ನೋಡೋ. ನಿಜ ಹೇಳು, ವಾಸನೆ ಇದೆಯಾ?"