ಎರಡು ಸಲ ಕೇಳುವ ಊರು

ಗೆಳೆಯರೇ, ಇವತ್ತು ನಾನು ಕಳ್ಳನಾದೆ. ರಕ್ತಪರೀಕ್ಷೆಯ ಲ್ಯಾಬುಗಳಿಗೆ ನಾವು ಬರೆದ ಸಾಫ್ಟ್‌ವೇರ್ ತಮ್ಮದರ ನಕಲು ಎಂದು ಧಾರವಾಡದ ಹಳೆಯ ಕಂಪನಿಯ ಮಾಲೀಕರು ಹುಬ್ಬಳ್ಳಿಯ ನಮ್ಮ ಆಫೀಸಿಗೇ ಬಂದುಬಿಟ್ಟರು. ಕೊಟ್ಟ ಚಹಾ ಮುಟ್ಟಲಿಲ್ಲ.

“ನಮ್ಮ ಸಾಫ್ಟ್‌ವೇರ್ ರೋಗಿ ಊರನ್ನ ಎರಡ ಸಲ ಕೇಳ್ತದ. ಅದು ನಮ್ಮ ತಪ್ಪು. ನಿಮ್ಮದೂ ಎರಡ ಸಲ ಯಾಕ ಕೇಳ್ತದ್ರಿ? ಕೋರ್ಟಿಗೆ ಹೋಗ್ತೇನಿ!”

“ಸರ, ದವಾಖಾನಿ ಕಂಪ್ಯೂಟರ್‌ಗಳಿಗೆ ನಿಮ್ಮ ಸಾಫ್ಟ್‌ವೇರಿನ ರೂಢಿ ಆಗೇದ. ಅವು ಊರಿನ ಹೆಸರು ಎರಡ ಸಲನ ಕಳಸ್ತಾವ. ನಾವು ಒಂದ ಸಲ ಕೇಳಿದ್ರ ಕೆಲಸಾನ ನಿಂತ ಬಿಡ್ತದ. ಒಳಗಿನ ಕೋಡ್ ಪೂರಾ ನಮ್ದ್ರಿ.”

“ಎರಡನೇ ಸಲ ಬಂದಿದ್ದನ್ನ ಏನ್ ಮಾಡ್ತೀರಿ?”

“ಒಗದ ಬಿಡ್ತೇವ್ರಿ.”

ಅವರು ಮೇಜು ಗುದ್ದಿದರು. “ನೋಡ್ರಿ ಮತ್ತ! ನಾವೂ ಒಗೀತೇವಿ!”

ಎಸೆಯುವುದಕ್ಕೂ ಲೈಸೆನ್ಸ್ ಬೇಕೆಂದು ಇವತ್ತೇ ಗೊತ್ತಾಯಿತು.