ಗೋಲು ಬಿಟ್ಟು ಓಡಿದ ವಿಶಾಲಾಕ್ಷಿ

ಅಜ್ಜಂಪುರದಲ್ಲಿ ಸೋಮಶೇಖರಪ್ಪನವರ ತೆಂಗಿನಕಾಯಿ ಮಂಡಿ ಎಂದರೆ ಸುತ್ತಲ ಹಳ್ಳಿಯವರಿಗೆಲ್ಲ ಗೊತ್ತಿತ್ತು. ಗಾಡಿ ಬಂದು ನಿಂತರೆ ಮೇಲಿದ್ದವನು ಎರಡೆರಡು ಕಾಯಿ ಎಸೆಯುತ್ತಿದ್ದ, ಕೆಳಗಿದ್ದವನು ಹಿಡಿದು ರಾಶಿಗೆ ಹಾಕುತ್ತಿದ್ದ. ಮನೆಯ ಮಗಳು ವಿಶಾಲಾಕ್ಷಿ ಲಂಗ ಉಡುವ ವಯಸ್ಸಿನಲ್ಲೇ ಆ ಸಾಲಿನಲ್ಲಿ ನಿಂತು ಕಾಯಿ ಹಿಡಿಯಲು ಕಲಿತಳು. ಹಮಾಲಿ ಗಿಡ್ಡಪ್ಪ ಬೇಕೆಂದೇ ಒಂದನ್ನು ಎತ್ತರಕ್ಕೆ, ಇನ್ನೊಂದನ್ನು ಪಕ್ಕಕ್ಕೆ ಎಸೆದು, "ಹಿಡಿ ನೋಡಾನ ಅವ್ವಾ" ಎನ್ನುತ್ತಿದ್ದ. ಅವಳು ಎರಡನ್ನೂ ಹಿಡಿಯುತ್ತಿದ್ದಳು.

ಹೈಸ್ಕೂಲು ಮುಗಿದ ಮೇಲೆ ಕಡೂರಿನ ಕಾಲೇಜಿಗೆ ಸೇರಿದಳು. ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹತ್ತಿ, ಬೀರೂರು ದಾಟಿ, ಕಡೂರಿನಲ್ಲಿ ಇಳಿಯಬೇಕು. ೧೯೮೨ರಲ್ಲಿ ಆಟದ ಮೇಷ್ಟ್ರು ಓಬಳಪ್ಪನವರು ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟುತ್ತೇನೆಂದು ಹೊರಟಾಗ ಇಡೀ ಕಾಲೇಜು ನಕ್ಕಿತು. ಮೊದಲು ಹೆಸರು ಕೊಟ್ಟವಳು ಬೀರೂರು ಕಡೆಯ ರೈತರ ಮಗಳು ದ್ಯಾಮಮ್ಮ. ಬಲಗಾಲಿನಲ್ಲಿ ಅವಳು ಒದ್ದರೆ ಚೆಂಡು ಬೇಲಿ ದಾಟುತ್ತಿತ್ತು. ಹಾಗೆ ಬೇಲಿ ದಾಟಿದ ಒಂದು ಚೆಂಡನ್ನು ದಾರಿಯಲ್ಲಿ ಹೋಗುತ್ತಿದ್ದ ವಿಶಾಲಾಕ್ಷಿ ಪುಸ್ತಕ ಕಂಕುಳಲ್ಲಿಟ್ಟುಕೊಂಡೇ ಹಿಡಿದುಬಿಟ್ಟಳು.

"ಮೇಷ್ಟ್ರೇ, ಗೋಲು ಕಾಯೋ ಗೋಲಿ ಸಿಕ್ಕಿದ್ಲು ಕಣ್ರೀ!" ಎಂದು ದ್ಯಾಮಮ್ಮ ಕೂಗಿದಳು.

ಅಪ್ಪನನ್ನು ಒಪ್ಪಿಸುವುದು ಅಷ್ಟು ಸುಲಭವಾಗಿರಲಿಲ್ಲ. ಸೋಮಶೇಖರಪ್ಪನವರು ಸಿಡುಕಿನವರಲ್ಲ, ಆದರೆ ಮಠದ ನಡೆಯಲ್ಲಿ ಕಟ್ಟುನಿಟ್ಟು. ಆ ಮನೆಯಲ್ಲಿ ಎಲ್ಲರ ಮೈಮೇಲೂ ಲಿಂಗವಿತ್ತು. ವಿಶಾಲಾಕ್ಷಿಯದು ಬೆಳ್ಳಿಯ ಕರಡಿಗೆಯೊಳಗೆ, ದಾರದಲ್ಲಿ ಎದೆಯ ಮೇಲೆ ತೂಗುತ್ತಿತ್ತು. ನಿದ್ದೆಯಲ್ಲೂ ಸ್ನಾನದಲ್ಲೂ ಅದನ್ನು ಮೈಯಿಂದ ಬೇರೆ ಮಾಡುವಂತಿರಲಿಲ್ಲ. ಜಾರಿ ಬಿದ್ದರೆ, ಅದು ಸಿಕ್ಕಿ ಮತ್ತೆ ಪೂಜೆಯಾಗುವ ತನಕ ಗಂಟಲಿಗೆ ಹನಿ ನೀರು ಇಳಿಯಬಾರದು. ಅವಳ ಅಜ್ಜ ಒಮ್ಮೆ ಬುಕ್ಕಾಂಬುಧಿ ಕೆರೆಯಲ್ಲಿ ಮೀಯುವಾಗ ಲಿಂಗ ಕಳೆದುಕೊಂಡು, ಮಾರನೆಯ ದಿನ ಕೆಸರಲ್ಲಿ ಅದು ಸಿಗುವವರೆಗೂ ಏರಿಯ ಮೇಲೆ ಬಾಯಾರಿ ಮಲಗಿದ್ದರಂತೆ.

"ಆಡು, ಬೇಡ ಅನ್ನಲ್ಲ. ಆದರೆ ಒಂದು ಮಾತು. ಮೈಮೇಲಿನ ಲಿಂಗ ನೆಲಕ್ಕೆ ಬಿದ್ದ ದಿನ ನೀನು ಆಡೋದು ಮುಗೀತು. ಆಮೇಲೆ ಅತ್ತು ಕರೆದು ಮಾಡಬಾರದು" ಎಂದರು ಅಪ್ಪ.

"ಆಗಲಿ ಅಪ್ಪಾಜಿ" ಎಂದಳು.

ಆ ಮಳೆಗಾಲವೆಲ್ಲ ಅವಳು ಕರಡಿಗೆಯನ್ನು ಅಂಗಿಯೊಳಗೆ ಬಟ್ಟೆಯಿಂದ ಬಿಗಿದುಕೊಂಡು ಆಡಿದಳು. ಚೆಂಡಿಗೆ ಹಾರಿ ನೆಲಕ್ಕೆ ಬಿದ್ದಾಗ ಬೆಳ್ಳಿ ಎದೆಗೆ ಒತ್ತಿ ನೀಲಿಗಟ್ಟುತ್ತಿತ್ತು. ಬೂಟಿಲ್ಲದ ಕಾಲುಗಳ ಆ ತಂಡ ಯಾರೂ ಎಣಿಸದಂತೆ ಒಂದಾದ ಮೇಲೊಂದು ಆಟ ಗೆದ್ದಿತು. ತರೀಕೆರೆಯ ಕಾಲೇಜನ್ನು ಅವರ ಊರಿನಲ್ಲೇ ಸೋಲಿಸಿದರೆ ಚಿಕ್ಕಮಗಳೂರಿನಲ್ಲಿ ಫೈನಲ್.

ತರೀಕೆರೆಯ ಮೈದಾನದ ಸುತ್ತ ಅಂದು ಸಂತೆಯಷ್ಟು ಜನ. ಅವರ ನಡುವೆ ಬಿಳಿ ಟವೆಲು ಹೆಗಲಿಗೆ ಹಾಕಿಕೊಂಡು ವಿಶಾಲಾಕ್ಷಿಯ ಸೋದರಮಾವ ಶಿವಮೂರ್ತಪ್ಪನವರು ನಿಂತಿದ್ದರು. ಅವರ ಮನೆ ಅದೇ ಊರಿನಲ್ಲಿ. ಭಾವನ ಷರತ್ತು ಅವರಿಗೆ ಗೊತ್ತಿತ್ತು, ಭಾವನಿಗೆ ಸುಳ್ಳು ಹೇಳುವವರೂ ಅಲ್ಲ.

ಆಟ ಶುರುವಾಗುವ ಮುಂಚೆ ರೆಫರಿ ಒಬ್ಬೊಬ್ಬರನ್ನೇ ನೋಡುತ್ತ ಬಂದರು. ಬಳೆ ತೆಗೆಸಿದರು, ಓಲೆ ತೆಗೆಸಿದರು. ವಿಶಾಲಾಕ್ಷಿಯ ಮುಂದೆ ನಿಂತು, "ಅಂಗಿಯೊಳಗೆ ಗಟ್ಟಿಯಾಗಿ ಇರೋದೇನಮ್ಮ?" ಎಂದರು.

"ಕರಡಿಗೆ ಸಾರ್."

"ಬೆಳ್ಳೀದಾ? ಅದು ಆಗಲ್ಲ. ನಿಮಗೂ ಪೆಟ್ಟು, ಮೇಲೆ ಬಿದ್ದವರಿಗೂ ಪೆಟ್ಟು. ತೆಗೆದಿಡಿ, ಇಲ್ಲ ಹೊರಗೆ ನಿಲ್ಲಿ."

ಓಬಳಪ್ಪ ಮೇಷ್ಟ್ರು ಕೈಮುಗಿದರೂ ಅವರು ಜಗ್ಗಲಿಲ್ಲ. ಹೊರಗೆ ಕುಳಿತಿದ್ದ ಇನ್ನೊಬ್ಬ ಗೋಲಿ ಕಾಂತಮ್ಮನ ಮುಖ ಬಿಳಿಚಿಕೊಂಡಿತು. ಅವಳು ಒಂದು ಆಟವನ್ನೂ ಆಡಿದವಳಲ್ಲ.

ಆಗ ವಿಶಾಲಾಕ್ಷಿಗೆ ಅಜ್ಜನ ತೋಳು ನೆನಪಾಯಿತು. ಹೊಲದ ಕೆಲಸದ ದಿನ ಅಜ್ಜ ಲಿಂಗವನ್ನು ಬರೀ ಬಟ್ಟೆಯಲ್ಲಿ ಸುತ್ತಿ ರಟ್ಟೆಗೆ ಕಟ್ಟಿಕೊಳ್ಳುತ್ತಿದ್ದರು. ತೋಳಿಗೆ ಕಟ್ಟಿದರೆ ತಪ್ಪಿಲ್ಲ, ಸೊಂಟದಿಂದ ಕೆಳಗೆ ಇಳಿಯಬಾರದು ಅಷ್ಟೆ. ಅವಳು ಗೋಡೆಯ ಮರೆಗೆ ಹೋಗಿ, ಕರಡಿಗೆಯಿಂದ ಲಿಂಗ ತೆಗೆದು ಕಣ್ಣಿಗೊತ್ತಿಕೊಂಡು, ಕರ್ಚೀಫಿನಲ್ಲಿ ಸುತ್ತಿದಳು. ಎಡತೋಳಿಗೆ ಕಟ್ಟಿದ್ದರೆ ಬಲಗೈಯ ಗಂಟು ಭದ್ರವಾಗಿರುತ್ತಿತ್ತು. ಆದರೆ ದೇವರ ವಿಷಯ, ಎಡಕ್ಕೆ ಕಟ್ಟಲು ಮನಸ್ಸು ಬರಲಿಲ್ಲ. ಬಲತೋಳಿಗೇ ಇಟ್ಟು, ಹಲ್ಲಿನಲ್ಲಿ ಒಂದು ತುದಿ ಕಚ್ಚಿ, ಎಡಗೈಯಲ್ಲಿ ಗಂಟು ಹಾಕಿದಳು. ಚೆಂಡನ್ನು ದೂರಕ್ಕೆ ಬೀಸಿ ಎಸೆಯುವ ತೋಳೂ ಅದೇ ಎಂಬುದು ಆ ಅವಸರದಲ್ಲಿ ಹೊಳೆಯಲೇ ಇಲ್ಲ.

ರೆಫರಿ ತೋಳು ಮುಟ್ಟಿ ನೋಡಿ, "ಮೆತ್ತಗಿದೆ. ಆಡಿ" ಎಂದರು.

ಮೊದಲರ್ಧದಲ್ಲಿ ತರೀಕೆರೆಯ ಹುಡುಗಿಯರು ಒಂದೇ ಸಮ ನುಗ್ಗಿ ಬಂದರು. ಹಿಂದಿನ ರಾತ್ರಿ ಮಳೆಯಾಗಿ ಗೋಲಿನ ಮುಂದೆ ಕೆಸರಾಗಿತ್ತು. ವಿಶಾಲಾಕ್ಷಿ ಬಲಕ್ಕೆ ಹಾರಿದಳು, ಎಡಕ್ಕೆ ಉರುಳಿದಳು, ಹಿಡಿದ ಚೆಂಡನ್ನೆಲ್ಲ ಬೀಸಿ ಬೀಸಿ ದ್ಯಾಮಮ್ಮನ ಕಾಲಿಗೆ ಎಸೆದಳು. ವಿಸಿಲ್ ಊದುವ ಹೊತ್ತಿಗೆ ಯಾರಿಗೂ ಗೋಲಿಲ್ಲ.

ಮೇಷ್ಟ್ರು ನಿಂಬೆ ಷರಬತ್ತು ತಂದರು. ವಿಶಾಲಾಕ್ಷಿ ಲೋಟ ತೆಗೆದುಕೊಳ್ಳಲು ಬಲಗೈ ಚಾಚಿದಳು. ತೋಳು ಹಗುರವಾಗಿತ್ತು. ಮುಟ್ಟಿ ನೋಡಿಕೊಂಡಳು. ಅಂಗಿಯ ತೋಳಿನೊಳಗೆ ಬೆರಳು ಹಾಕಿ ತಡಕಿದಳು. ಲೋಟವನ್ನು ಹಾಗೇ ಕೆಳಗಿಟ್ಟಳು.

"ಕುಡಿಯೇ, ಗಂಟ್ಲು ಒಣಗಿಲ್ವಾ?" ಎಂದಳು ದ್ಯಾಮಮ್ಮ. ಆಮೇಲೆ ಗೆಳತಿಯ ಮುಖ ನೋಡಿ ದನಿ ತಗ್ಗಿಸಿ, "ಏನಾಯ್ತೇ?" ಎಂದಳು.

"ಬಿದ್ದೋಗಿದೆ. ಗೋಲಿನ ಹತ್ರಾನೇ ಎಲ್ಲೋ."

"ಅಯ್ಯೋ ಶಿವನೇ. ಮೇಷ್ಟ್ರಿಗೆ ಹೇಳ್ತೀನಿ ತಡಿ."

"ಬ್ಯಾಡ ಕಣೇ. ಮಾವ ಅಲ್ಲೇ ನಿಂತವ್ರೆ. ಗೊತ್ತಾದ್ರೆ ನನ್ನ ಆಟ ಇವತ್ತಿಗೇ ಮುಗೀತು."

ಅಷ್ಟರಲ್ಲಿ ವಿಸಿಲ್ ಆಯಿತು. ವಿರಾಮದ ನಂತರ ಎರಡು ತಂಡದವರೂ ಪಕ್ಕ ಬದಲಿಸಬೇಕು. ಅವಳ ಲಿಂಗ ಬಿದ್ದಿದ್ದ ಗೋಲಿಗೆ ತರೀಕೆರೆಯ ಗೋಲಿ ಹೋದಳು. ವಿಶಾಲಾಕ್ಷಿ ಮೈದಾನದ ಇನ್ನೊಂದು ತುದಿಗೆ ಹೋಗಿ ನಿಲ್ಲಬೇಕಾಯಿತು. ಅಲ್ಲಿಂದ ಆ ಕೆಸರು ಒಂದು ಕಂದು ಪಟ್ಟಿಯಂತೆ ಮಾತ್ರ ಕಾಣುತ್ತಿತ್ತು.

"ನಾನು ಆ ಕಡೆಗೇ ಅಲ್ವಾ ಆಡೋದು, ಕಣ್ಣಿಟ್ಟಿರ್ತೀನಿ" ಎಂದು ಹೇಳಿ ದ್ಯಾಮಮ್ಮ ಓಡಿದಳು.

ತರೀಕೆರೆಯ ಗೋಲಿಯ ಹೆಸರು ಈಶ್ವರಮ್ಮ. ಎತ್ತರದ ಹುಡುಗಿ, ಕೆಸರಿನಲ್ಲಿ ಕಾಲು ಊರಿಕೊಂಡು ಅತ್ತಿತ್ತ ಓಡಾಡುತ್ತಿದ್ದಳು. ಆ ಕಾಲ ಕೆಳಗೆ ಲಿಂಗ ಸಿಕ್ಕೀತೆಂದು ವಿಶಾಲಾಕ್ಷಿ ಅವಳ ಒಂದೊಂದು ಹೆಜ್ಜೆಯನ್ನೂ ಎಣಿಸುತ್ತಿದ್ದಳು. ತನ್ನ ಕಡೆ ಚೆಂಡು ಬಂದಾಗ ಹಿಡಿಯುತ್ತಿದ್ದಳು, ಕಣ್ಣು ಮಾತ್ರ ಅಲ್ಲೇ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಒಂದು ಸಲ ಈಶ್ವರಮ್ಮ ತಟ್ಟನೆ ಬಗ್ಗಿದಳು. ಮತ್ತೆ ಎದ್ದು ನಿಂತಾಗ ಅವಳ ಎಡಗೈ ಮುಷ್ಟಿ ಕಟ್ಟಿತ್ತು. ಚೆಂಡು ಬಂತು, ಬಲಗೈ ಒಂದರಲ್ಲೇ ತಳ್ಳಿದಳು. ಮುಷ್ಟಿಯನ್ನು ಎದೆಗೆ ಒತ್ತಿಕೊಂಡಿದ್ದಳು, ಸಡಿಲಿಸಲಿಲ್ಲ.

ವಿಶಾಲಾಕ್ಷಿಗೆ ಅಷ್ಟು ದೂರದಿಂದಲೇ ಅರ್ಥವಾಯಿತು. ಲಿಂಗವನ್ನು ಹಾಗೆ ಎಡ ಅಂಗೈಯಲ್ಲಿಟ್ಟು ಎದೆಯ ಮಟ್ಟಕ್ಕೆ ಹಿಡಿಯುವವರು ದಿನಾ ಪೂಜೆ ಮಾಡುವ ಮನೆಯವರೇ. ನೆಲದ ಮೇಲೆ ಬಿಡುವಂತಿಲ್ಲ, ಜೇಬಿಗೆ ತುರುಕುವಂತಿಲ್ಲ. ಎತ್ತಿ ತೋರಿಸಿದರೆ ಯಾರದೆಂದು ಇಡೀ ಮೈದಾನಕ್ಕೆ ತಿಳಿಯುತ್ತದೆ. ಅದಕ್ಕೇ ಆ ಹುಡುಗಿ ಬಾಯಿ ಬಿಡದೆ ಒಂದೇ ಕೈಯಲ್ಲಿ ಗೋಲು ಕಾಯುತ್ತಿದ್ದಾಳೆ.

ದ್ಯಾಮಮ್ಮ ಚೆಂಡು ತೆಗೆದುಕೊಂಡು ನುಗ್ಗಿದಳು. ಈಶ್ವರಮ್ಮನ ಎಡಕ್ಕೆ ಸರಿಯಾಗಿ ಒದ್ದಳು. ಗೋಲು.

ಕಡೂರಿನ ಹುಡುಗಿಯರು ಕುಣಿದರು. ದ್ಯಾಮಮ್ಮ ಏದುಸಿರು ಬಿಡುತ್ತ ವಿಶಾಲಾಕ್ಷಿಯ ಹತ್ತಿರ ಓಡಿಬಂದಳು.

"ಕಂಡ್ಯಾ? ಅವಳ ಎಡಗೈ ಮುಚ್ಚೈತೆ. ಅದ್ಕೇ ಆ ಕಡೆಗೇ ಕೊಟ್ಟೆ."

"ಆ ಕೈಲಿರೋದು ನಂದು ಕಣೇ."

"ನಂಗೊತ್ತಿಲ್ವಾ? ಭದ್ರವಾಗೈತೆ ಬಿಡು. ಇನ್ನೊಂಚೂರು ಹೊತ್ತು ಬಾಯ್ಮುಚ್ಕೊಂಡಿರು. ಆಟ ಮುಗಿದ್ಮೇಲೆ ಗುಟ್ಟಾಗಿ ಇಸ್ಕೊಳಾನ. ನಾವೂ ಗೆದ್ದಂಗಾಯ್ತು, ನಿಮ್ಮಾವಂಗೂ ತಿಳಿಯಕಿಲ್ಲ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಚಿಕ್ಕಮಗಳೂರಿಗೆ ಹೋಗಬಹುದಿತ್ತು, ಮುಂದಿನ ವರ್ಷವೂ ಆಡಬಹುದಿತ್ತು.

ಆಟ ಮತ್ತೆ ಶುರುವಾಯಿತು. ಗೆರೆಯ ಹೊರಗಿದ್ದ ಜನ ತಮ್ಮ ಊರಿನ ಹುಡುಗಿಯನ್ನೇ ಬೈಯತೊಡಗಿದರು.

"ಏ, ಕೈ ಬಿಚ್ಚೇ! ಕೈಲೇನು ಕಡ್ಲೆಪುರಿ ಇಟ್ಕಂಡಿದೀಯಾ?"

"ಕಡೂರ್‌ನೋರ ಮನೆ ಉಪ್ಪು ತಿಂದವಳೆ ಕಣ್ರೋ!"

ಅವರ ಮೇಷ್ಟ್ರೂ ಗೋಲಿನ ಹಿಂದೆ ನಿಂತು, "ಎರಡೂ ಕೈ ಹಾಕು, ಇಲ್ಲ ಹೊರಗೆ ಬಾ" ಎಂದು ಗದರಿದರು. ಈಶ್ವರಮ್ಮ ಕೈ ಬಿಚ್ಚಲಿಲ್ಲ. ದ್ಯಾಮಮ್ಮ ಇನ್ನೊಮ್ಮೆ ಒದ್ದಳು. ಈಶ್ವರಮ್ಮ ಎದೆಯೊಡ್ಡಿ ತಡೆದು ಮುಖ ಅಡಿಯಾಗಿ ಬಿದ್ದಳು. ಮೈಯೆಲ್ಲ ಕೆಸರಲ್ಲಿ ಹೂತಿದ್ದರೂ ಎಡಮುಷ್ಟಿ ಮಾತ್ರ ನೆಲ ಮುಟ್ಟದ ಹಾಗೆ ಮೇಲೆತ್ತಿತ್ತು. ಜನ ಹೋ ಎಂದು ನಕ್ಕರು.

ವಿಶಾಲಾಕ್ಷಿ ಗೋಲು ಬಿಟ್ಟು ಓಡಿದಳು.

"ಎಲ್ಲಿಗೇ? ಲೇ ವಿಶಾಲಿ, ನಿಂತ್ಕೊಳೇ!" ದ್ಯಾಮಮ್ಮ ಅಡ್ಡ ಬಂದಳು. ವಿಶಾಲಾಕ್ಷಿ ಅವಳನ್ನು ಬಳಸಿಕೊಂಡು ಹೋದಳು. ಚೆಂಡು ತರೀಕೆರೆಯವರ ಕಾಲಿಗೆ ಸಿಕ್ಕಿ ತನ್ನ ಪಕ್ಕದಲ್ಲೇ ಹಿಂದಕ್ಕೆ ಹೋಗುತ್ತಿರುವುದು ಕಂಡಿತು. ಕೈ ಚಾಚಲಿಲ್ಲ. ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಕೂಗುತ್ತಿದ್ದರು. ಅವಳು ಮೈದಾನದ ಆ ತುದಿ ಮುಟ್ಟಿ, ಆಗಷ್ಟೇ ಎದ್ದು ಕುಳಿತಿದ್ದ ಈಶ್ವರಮ್ಮನ ಮುಂದೆ ಮೊಣಕಾಲೂರಿ ಎರಡೂ ಅಂಗೈ ಒಡ್ಡಿದಳು.

ಈಶ್ವರಮ್ಮ ಮುಷ್ಟಿ ಬಿಚ್ಚಿದಳು. ಮರಗಟ್ಟಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು.

"ಕಾಲಿಗೆ ಸಿಕ್ತು. ಯಾರ್ಗೂ ಹೇಳಿಲ್ಲ ಕಣ್ರೀ" ಎಂದಳು.

"ನಂಗೋಸ್ಕರ ನೀವು ಬೈಸ್ಕೊಳ್ಳೋದು ಬೇಡ" ಎಂದಳು ವಿಶಾಲಾಕ್ಷಿ.

ಹಿಂದಿನಿಂದ ಜನರ ಕೇಕೆ ಕೇಳಿಸಿತು. ತರೀಕೆರೆಯವರು ಖಾಲಿ ಗೋಲಿಗೆ ಚೆಂಡು ನೂಕಿದ್ದರು. ಒಂದಕ್ಕೊಂದು ಸಮ. ಅದರ ಬೆನ್ನಿಗೇ ಆಟದ ಅವಧಿಯೂ ಮುಗಿಯಿತು. ಹೆಚ್ಚುವರಿ ಆಟ ಆಡಿಸುವುದೆಂದು ರೆಫರಿ ಸಾರಿದರು.

ಶಿವಮೂರ್ತಪ್ಪನವರು ಗೆರೆ ದಾಟಿ ಒಳಗೆ ಬಂದರು. ಸೋದರಸೊಸೆಯ ಅಂಗೈ ನೋಡಿದರು, ಅವಳ ಒಣಗಿದ ತುಟಿ ನೋಡಿದರು.

"ನೆಲಕ್ಕೆ ಬಿತ್ತಾ?"

"ಬಿತ್ತು ಮಾವ."

"ನಿಮ್ಮಪ್ಪನ ಮುಂದೆ ನಾನು ಸುಳ್ಳು ಹೇಳೋನಲ್ಲ, ಗೊತ್ತಲ್ಲ?"

"ನಾನೇ ಹೇಳ್ತೀನಿ ಮಾವ. ಈ ಆಟ ಒಂದು ಮುಗಿಸ್ಬಿಡ್ತೀನಿ. ಆಮೇಲೆ ಆಡಲ್ಲ."

ಮಾವ ಹೆಗಲ ಮೇಲಿನ ಟವೆಲನ್ನು ಉದ್ದಕ್ಕೆ ಹರಿದರು. ಅವಳು ಲಿಂಗವನ್ನು ಎದೆಗೆ ಹಿಡಿದುಕೊಂಡಳು. ಅಂಗಿಯ ಮೇಲೆಯೇ ಟವೆಲಿನ ಪಟ್ಟಿಯನ್ನು ಬೆನ್ನು ಬಳಸಿ ಸುತ್ತಿ, ಉಸಿರು ಕಟ್ಟುವ ಹಾಗೆ ಬಿಗಿದು, ಹಿಂದೆ ಗಂಟು ಹಾಕಿದರು. "ಹೂಂ, ಹೋಗು" ಎಂದರು.

ಸ್ನಾನ, ಪೂಜೆ ಆಗದೆ ನೀರು ಮುಟ್ಟುವಂತಿರಲಿಲ್ಲ. ಅವಳು ಹಾಗೇ ಗೋಲಿಗೆ ಹೋದಳು. ಅತ್ತ ಈಶ್ವರಮ್ಮನಿಗೆ ಎರಡೂ ಕೈ ಬಂದಿದ್ದವು, ದ್ಯಾಮಮ್ಮನ ಯಾವ ಒದೆತವೂ ನಡೆಯಲಿಲ್ಲ. ಇತ್ತ ವಿಶಾಲಾಕ್ಷಿಗೆ ಕಣ್ಣು ಮಂಜಾಗಿ ಚೆಂಡು ಎರಡೆರಡಾಗಿ ಕಾಣುತ್ತಿತ್ತು. ಇದೇ ಕೊನೆಯದು ಎಂದು ಒಂದೊಂದು ಚೆಂಡನ್ನೂ ಹಿಡಿದಳು. ಕೊನೆಗೆ ಕಾರ್ನರಿನಿಂದ ಬಂದ ಚೆಂಡು ಗುಂಪಿನಲ್ಲಿ ಯಾರದೋ ಮೊಣಕಾಲಿಗೆ ತಗಲಿ ತರೀಕೆರೆಯ ಗೋಲಿನೊಳಗೆ ಉರುಳಿತು. ಕಡೂರು ಗೆದ್ದಿತು.

ಮನೆಯಲ್ಲಿ ಎಲ್ಲವನ್ನೂ ಅಪ್ಪನಿಗೆ ಅವಳೇ ಹೇಳಿದಳು. ಸೋಮಶೇಖರಪ್ಪನವರು ಪೂರ್ತಿ ಕೇಳಿಸಿಕೊಂಡರು.

"ಓಡಿಹೋಗಿ ಇಸ್ಕೊಂಡಿದ್ದು ಸರಿ. ಕೊಟ್ಟ ಮಾತು?"

"ನೆನಪಿದೆ ಅಪ್ಪಾಜಿ. ಇನ್ನು ಆಡಲ್ಲ."

ಅವರು ತಲೆಯಾಡಿಸಿ ಎದ್ದು ಮಂಡಿಗೆ ಹೋದರು. ಅವರ ಮುಖದಲ್ಲೂ ಗೆಲುವಿರಲಿಲ್ಲ.

ಚಿಕ್ಕಮಗಳೂರಿಗೆ ಹೊರಡುವ ದಿನ ಅವ್ವ ಸಾವಿತ್ರಮ್ಮ ಅವಳ ಕೈಗೆ ಬುತ್ತಿ ಕೊಟ್ಟರು. ಗಂಡನಿಗೆ ಕೇಳುವ ಹಾಗೆ, "ಆಡಬೇಡ ಅಂದವ್ರೆ. ಬಸ್ಸು ಹತ್ತಬೇಡ ಅಂದಿಲ್ಲವಲ್ಲ?" ಎಂದರು. ವಿಶಾಲಾಕ್ಷಿ ಬುತ್ತಿ ಹಿಡಿದು ಹೊಸ್ತಿಲು ದಾಟಿದಳು.

ಫೈನಲಿನಲ್ಲಿ ಗೋಲಿಗೆ ನಿಂತವಳು ಕಾಂತಮ್ಮ. ಅವಳ ಬೆನ್ನ ಹಿಂದೆ, ಕಂಬದ ಆಚೆ, ಸೀರೆಯುಟ್ಟು ವಿಶಾಲಾಕ್ಷಿ ನಿಂತಳು. ಮೊದಲ ಚೆಂಡೇ ಒಳಗೆ ಹೋಯಿತು. ಕಾಂತಮ್ಮ ಅಳು ಮುಖದಲ್ಲಿ ಹಿಂದಕ್ಕೆ ತಿರುಗಿದಳು.

"ನನ್ನ ನೋಡ್ಬೇಡ ಕಾಂತಿ. ಮುಂದೆ ನೋಡು. ಅವಳು ಯಾವ ಕಾಲು ಎತ್ತುತ್ತಾಳೆ ನೋಡು. ಹಾಂ, ಬಂತು, ಬಲಕ್ಕೆ!"

ಕಾಂತಮ್ಮ ಬಲಕ್ಕೆ ಹಾರಿದಳು. ಚೆಂಡು ಅವಳ ಬೆರಳಿಗೆ ತಗಲಿ ಹೊರಗೆ ಹೋಯಿತು. ಅದೇ ಗಳಿಗೆಯಲ್ಲಿ ಹಿಂದಿದ್ದ ವಿಶಾಲಾಕ್ಷಿಯ ಎರಡು ಕೈಗಳೂ ತಾವಾಗಿಯೇ ಮುಂದಕ್ಕೆ ಚಾಚಿದ್ದವು. ಅವನ್ನು ಹಿಂದಕ್ಕೆಳೆದು, ಬೆರಳಿಗೆ ಬೆರಳು ಹೆಣೆದು, ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡಳು. ಚೆಂಡು ಮತ್ತೆ ಬರುತ್ತಿತ್ತು.