ಮೂರನೆಯ ರಜೆ ಅರ್ಜಿ

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯ ದಿನ. ಆ ದಿನದ ಬಗ್ಗೆ ನನ್ನ ದಿನಚರಿಯಲ್ಲಿ ಇರುವುದು ಇಷ್ಟೇ: ‘ದವಾಖಾನೆಗೆ ಹೋಗಿದ್ದೆ. ನರ್ಸಬಾಯಿ ಚಹಾ ಕೊಟ್ಟರು. ವಿಪರೀತ ಬಿಸಿಲು.’ ಉಳಿದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ. ನನ್ನ ನೆನಪು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ ಎಂಬ ಅನುಮಾನ ಇದ್ದೇ ಇದೆ.

ಇಂಗ್ಲೆಂಡಿಗೆ ಹೋಗುವ ಮೊದಲು ನಾನು ಮುದ್ದೇಬಿಹಾಳದ ಕಡೆಯ ಒಂದು ಸರಕಾರಿ ದವಾಖಾನೆಯಲ್ಲಿ ಲೇಡಿ ಡಾಕ್ಟರ್ ಆಗಿದ್ದೆ. ಹೆಚ್ಚಿನ ಓದಿಗೆಂದು ಎರಡು ವರ್ಷ ರಜೆ ಪಡೆದು ಹೋದವಳು, ಅಲ್ಲಿಂದಲೇ ಎರಡು ಸಲ ಅರ್ಜಿ ಬರೆದು ರಜೆ ಮುಂದುವರಿಸಿದ್ದೆ. ಹೆರಿಗೆ ವಾರ್ಡಿನಲ್ಲಿ ಕೆಲಸ ಸಿಕ್ಕಿತ್ತು, ಆದರೆ ಅಲ್ಲಿಯ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದೆ. ಊರಲ್ಲಿ ಒಬ್ಬಳೇ ಮಾಡಿಸುತ್ತಿದ್ದಂಥ ಹೆರಿಗೆಗಳನ್ನು ಅಲ್ಲಿ ಇನ್ನೊಬ್ಬರ ಹಿಂದೆ ಕೈಕಟ್ಟಿ ನಿಂತು ನೋಡಬೇಕಿತ್ತು. ಹಿರಿಯ ಡಾಕ್ಟರೊಬ್ಬರು ನನ್ನ ಅನುಭವವೇನು ಎಂದು ಕೇಳಿದಾಗ, ‘ನಮ್ಮಲ್ಲಿ ನನ್ನದೇ ಒಂದು ದವಾಖಾನೆ ಇದೆ, ನನ್ನ ಹಾದಿ ಕಾಯುತ್ತಿದೆ’ ಎಂದಿದ್ದೆ. ಆ ಮಾತು ಹೇಳಿದ ದಿನ ಚೆನ್ನಾಗಿ ನಿದ್ದೆ ಬಂತು ಎಂದು ದಿನಚರಿಯಲ್ಲಿದೆ.

ಅಲ್ಲಿಂದ ಒಂದು ತಿಂಗಳ ಮಟ್ಟಿಗೆ ಬಂದಾಗ, ಇಂಡಿ ಊರಿನ ತವರುಮನೆಯಿಂದ ಬಸ್ಸು ಹಿಡಿದು ಆ ದವಾಖಾನೆಗೆ ಹೋದೆ. ಚೀಲದಲ್ಲಿ ರಜೆ ಮುಂದುವರಿಸಲು ಬರೆದ ಮೂರನೆಯ ಅರ್ಜಿ ಇತ್ತು. ಬಿಜಾಪುರದ ಆಫೀಸಿಗೆ ಹೋಗಿ ಕೊಡುವುದಿತ್ತು. ನನ್ನ ಕೋಣೆಯ ಬಾಗಿಲ ಮೇಲೆ ನನ್ನ ಹೆಸರಿನ ಬೋರ್ಡು ಹಾಗೇ ಇತ್ತು. ಅದರ ಮೇಲೆ ಧೂಳಿರಲಿಲ್ಲ.

‘ದಿನಾ ನಾನ ಒರಸ್ತೇನ್ರಿ, ಡಾಕ್ಟರಬಾಯಾರ,’ ಎಂದರು ನರ್ಸಬಾಯಿ. ನನಗಿಂತ ಬಹಳ ಹಿರಿಯರು. ಹೆರಿಗೆಯ ಕೆಲಸವನ್ನು ನನಗೆ ನಿಜವಾಗಿ ಕಲಿಸಿದವರೇ ಅವರು. ‘ನೀವು ರಜಾದಾಗ ಅದೀರಿ. ನಿಮ್ಮ ಬೋರ್ಡಿಗೆ ರಜಾ ಇಲ್ಲ.’

‘ಬ್ಯಾರೆ ಲೇಡಿ ಡಾಕ್ಟರ್ ಬಂದಿಲ್ಲೇನ್ರಿ?’ ಎಂದು ಕೇಳಿದೆ. ಉತ್ತರ ನನಗೆ ಗೊತ್ತಿತ್ತು.

‘ಎಲ್ಲಿಂದ ಬರ್ತಾರ್ರಿ? ಜಾಗಾ ಖಾಲಿ ಇಲ್ಲಂತ. ಮ್ಯಾಲಿನವರನ್ನ ಕೇಳಿದ್ರ ನಿಮ್ಮ ಹೆಸರು ತೋರಸ್ತಾರ. ವಾರಕ್ಕ ಎರಡ ದಿನ ಗಂಡು ಡಾಕ್ಟರ್ ಬರ್ತಾರ. ಹೆಣ್ಮಕ್ಕಳು ಅವರ ಮುಂದ ಬಾಯಿ ಬಿಡೂದಿಲ್ಲ, ನನ್ನ ಕಡೆ ಬರ್ತಾರ. ನನ್ನ ಕೈಲೆ ಆಗೂದನ್ನ ಮಾಡ್ತೇನಿ, ಆಗಲಾರದ್ದನ್ನ ಬಿಜಾಪುರಕ್ಕ ಕಳಸ್ತೇನಿ. ಗೊಳಸಂಗಿ ಊರಾಕಿ ಒಬ್ಬಾಕಿ, ಹಾದ್ಯಾಗ...’ ಅಲ್ಲಿಗೇ ಮಾತು ನಿಲ್ಲಿಸಿ ಚಹಾ ಸೋಸಿದರು.

ಹಾದಿಯಲ್ಲಿ ಏನಾಯಿತೆಂದು ನಾನು ಕೇಳಲಿಲ್ಲ. ಈಗ ಆ ಹೆಂಗಸು ಲಾರಿಯಲ್ಲಿ ಮಲಗಿದ್ದು, ಆಕೆಯ ಕೈಯ ಹಸಿರು ಬಳೆಗಳು, ಎಲ್ಲ ನನಗೆ ನೆನಪಿವೆ. ಅವಳನ್ನು ನಾನು ನೋಡಿಯೇ ಇಲ್ಲ.

‘ಒಂದು ಕಾಗದಾ ಬರದು ಕೊಡ್ರಿ, ಬಾಯಾರ,’ ಎಂದರು ನರ್ಸಬಾಯಿ. ‘ನೌಕರಿ ಬಿಟ್ಟೇನಿ ಅಂತ ಎರಡ ಸಾಲು. ಜಾಗಾ ಖಾಲಿ ಆದ್ರ ಯಾರರ ಬರ್ತಾರ.’ ಮೇಜಿನ ಮೇಲೆ ಹಾಳೆ, ಪೆನ್ನು ತಂದಿಟ್ಟರು.

ನಾನು ಪೆನ್ನು ಕೈಗೆತ್ತಿಕೊಂಡೆ. ಎತ್ತಿಕೊಂಡೆನೋ ಇಲ್ಲವೋ ಖಚಿತವಿಲ್ಲ, ಎತ್ತಿಕೊಂಡೆ ಎಂದು ನಂಬಲು ಇಷ್ಟ. ಇನ್ನೊಂದು ಸಲ ಫೇಲಾದರೆ ಅಲ್ಲಿಯೂ ಕೆಲಸವಿಲ್ಲ, ಇಲ್ಲಿಯೂ ಇಲ್ಲ. ‘ಪರೀಕ್ಷಾ ಒಂದು ಆಗ್ಲಿರಿ,’ ಎಂದೆ. ‘ಪಾಸಾದ ಕೂಡಲೆ ಅಲ್ಲಿಂದನ ಬರದು ಕಳಸ್ತೇನಿ.’

‘ಆಗ್ಲಿ ಬಿಡ್ರಿ. ನೀವು ಪಾಸಾಗೂ ತನಕಾ ಯಾರೂ ಬಸರಾಗಬ್ಯಾಡ್ರಿ ಅಂತ ಊರಾಗ ಡಂಗುರಾ ಸಾರಸ್ತೇನಿ,’ ಎಂದು ನಕ್ಕರು. ನಾನೂ ನಕ್ಕೆ. ಚಹಾ ಕುಡಿದು, ಬಿಜಾಪುರಕ್ಕೆ ಹೋಗಿ ರಜೆ ಅರ್ಜಿ ಕೊಟ್ಟೆ.

ಮರುವರ್ಷ ಪಾಸಾದೆ. ಆ ದಿನಕ್ಕೆ ದಿನಚರಿಯಲ್ಲಿ ನಾಲ್ಕು ಪುಟಗಳಿವೆ. ರಾಜೀನಾಮೆ ಕಳಿಸಿದ್ದು ಅದಾಗಿ ಏಳು ವಾರಗಳ ಮೇಲೆ. ಏಳು ವಾರ ಏಕೆ ಬೇಕಾದವು ಎಂಬುದಕ್ಕೆ ಅಲ್ಲಿ ಒಂದಕ್ಷರವೂ ಇಲ್ಲ. ಕೆಲಸ ಹೆಚ್ಚಿತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ.

ಕೆಲವು ತಿಂಗಳ ನಂತರ ನರ್ಸಬಾಯಿಯ ಪತ್ರ ಬಂತು. ‘ಹೊಸಾ ಡಾಕ್ಟರಬಾಯಾರು ಬಂದಾರ. ವಯಸ್ಸು ಸಣ್ಣದು, ಕೈ ಚಲೋ ಐತಿ. ನಿಮ್ಮ ಬೋರ್ಡ ತಗದು ಕಪಾಟದಾಗ ಇಟ್ಟೇನಿ. ಬಂದಾಗ ಒಯ್ರಿ.’

ಆಮೇಲೆ ಎಷ್ಟೋ ಸಲ ಊರಿಗೆ ಬಂದೆ. ಸಿಂದಗಿಗೆ, ಬಾಗೇವಾಡಿಗೆ ಮದುವೆಗಳಿಗೆ ಹೋದೆ. ಒಮ್ಮೆ ಬಸ್ಸು ಆ ದವಾಖಾನೆಯ ಎದುರೇ ನಿಂತಿತ್ತು. ನಾನು ಇಳಿಯಲಿಲ್ಲ.